ಹಲಗೇರಿ ದಿಲನಾಜಳ ಹಳೇ ಲ್ಯಾಪ್‌ಟಾಪು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಸುರೇಖಾಳ ಹೊಟ್ಟೆಯುರಿ ಆ ಜಾತಿಯದಲ್ಲ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದವಳು ತಾನು. ಹಲಗೇರಿಯಿಂದ ಬಸ್ಸಿಗೆ ಬರುವ ಡಿಪ್ಲೊಮಾ ಹುಡುಗಿ ದಿಲನಾಜ. ಆದರೆ ಸುರೇಖಾ ಬಾಣಂತನದ ರಜೆ ಮುಗಿಸಿ ರಾಣೆಬೆನ್ನೂರಿನ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಮರಳುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ದಿಲನಾಜನ್ನ ಕೇಳ್ರಿ."

ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಯಾರ ಮೆಣಸಿನಕಾಯಿ ಚೀಲ ಯಾವ ಕೋಣೆಯಲ್ಲಿದೆ ಎಂದು ಹೇಳುವ ಸಾಫ್ಟ್‌ವೇರ್ ಅವರದು. ಆರು ವರ್ಷದ ಕೋಡೆಲ್ಲ, ಯಾರು ಯಾವತ್ತು ಏನು ತಿದ್ದಿದರೆಂಬ ಚರಿತ್ರೆಯ ಸಮೇತ, ಮೂಲೆಯ ಸರ್ವರಿನಲ್ಲಿತ್ತು. ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಕುಂಕುಮದ ಬಟ್ಟಲು ಹಿಡಿದ ಸುರೇಖಾ, ಗುಂಯ್‌ಗುಡುತ್ತಿದ್ದ ಸರ್ವರಿನ ಪ್ಲಗ್ ಕಿತ್ತಳು. ತವರಿನಲ್ಲಿ ಮಿಕ್ಸರನ್ನೂ ಆರಿಸದೆ ಪೂಜೆ ಮಾಡಿದವರಿಲ್ಲ. ಕೂಸಿಗೆ ಜ್ವರವೆಂದು ಹಾವೇರಿಯಿಂದ ಅತ್ತೆಯ ಫೋನು ಬೇರೆ. ಕೈ ಇಲ್ಲಿ, ಜೀವ ಅಲ್ಲಿ.

ಹಬ್ಬ ಮುಗಿಸಿ ಬಂದರೆ ಕೋಡಿನ ಭಂಡಾರ ತೆರೆಯಲೊಲ್ಲದು. ಡಿಸ್ಕಿಗೆ ಬರೆಯುತ್ತಿದ್ದಾಗಲೇ ಸರ್ವರ್ ಆರಿ ಎಷ್ಟೋ ಫೈಲು ಖಾಲಿ. ಕರೆಂಟು ಹೋಗಿರಬೇಕೆಂದರು ಎಲ್ಲರೂ. ಸುರೇಖಾಳೂ ಹೌದೆಂದು ತಲೆಯಾಡಿಸಿದಳು.

"ಬ್ಯಾಕಪ್ಪು?" ಎಂದರು ಮಾಲೀಕ ಶಶಿಕಾಂತ ಸರ್. ಬ್ಯಾಕಪ್ಪೂ ಅದೇ ಸರ್ವರಿನಲ್ಲಿ!

"ನನ್ನ ಕಡೆ ಐತ್ರಿ ಸರ್," ದಿಲನಾಜ ಎದ್ದಳು. ಹಲಗೇರಿಯಲ್ಲಿ ನೆಟ್ ಕೈಕೊಡುತ್ತದೆಂದು ದಿನಾ ಸಂಜೆ ಇಡೀ ಭಂಡಾರವನ್ನೇ ತನ್ನ ಹಳೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಹೋಗುತ್ತಿದ್ದಳಂತೆ. ತನ್ನ ಅಕ್ಕನ ಮದುವೆಗೆಂದು ಅವಳು ರಜೆ ಹಾಕಿದ್ದ, ಪೂಜೆಯವರೆಗಿನ ಮೂರು ದಿನದ ಕೋಡಷ್ಟೇ ಅದರಲ್ಲಿಲ್ಲ.

ಆ ಮೂರು ದಿನ ಬರೆದವಳು ಸುರೇಖಾ ಒಬ್ಬಳೇ; ಅದೆಲ್ಲ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನೂ ಕೂಸಿನ ಹಾಲಿನ ಬಾಟಲಿಯನ್ನೂ ತುಂಬಿದ್ದ ಬ್ಯಾಗನ್ನು ಕಾಲಿನಿಂದ ಮೇಜಿನಡಿ ಇನ್ನಷ್ಟು ಒಳಗೆ ತಳ್ಳಿದಳು. ಇವಳೂ ಒಮ್ಮೆ ಸೋಲಲಿ.

"ಚಿಂತಿ ಮಾಡಬ್ಯಾಡ್ರಿ ಅಕ್ಕಾ," ಎಂದಳು ದಿಲನಾಜ. "ನೀವು ಆ ಮೂರು ದಿನದಾಗ ಬರದದ್ದನ್ನ ನಾನ ಸಂಜೀಕ ಬರದ್ ಕೊಡ್ತೀನಿ. ನೀವು ಲಗೂನ ಕೂಸಿನ ಕಡೆ ಹೋಗ್ರಿ."

ಬರೆದುಕೊಡುತ್ತಾಳಂತೆ! ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬರೆದದ್ದು ಅದು. ರಜೆಯಿಂದ ಬಂದಮೇಲೆ ತನ್ನ ಹೆಸರಿನಲ್ಲಿ ಸೇರಿದ ಮೊದಲ ಕೆಲಸ. ಅದರ ಮುಂದೆಯೂ ಇವಳ ಹೆಸರೇ ಬೀಳಬೇಕೇ?

ಬ್ಯಾಗು ಮೇಜಿನ ಮೇಲೆ ಬಂತು. "ಏನೂ ಬರೀಬ್ಯಾಡ. ನನ್ನ ಕಡೆ ಐತಿ."

ದಿಲನಾಜ ಎರಡೂ ಲ್ಯಾಪ್‌ಟಾಪುಗಳನ್ನು ಜೋಡಿಸಿ, ಕಾಣೆಯಾದ ಚೂರುಗಳನ್ನು ಒಂದೊಂದಾಗಿ ತುಂಬಿದಳು. ಊಟದ ಹೊತ್ತಿಗೆ ಭಂಡಾರ ಒಂದೂ ತಕರಾರಿಲ್ಲದೆ ತೆರೆಯಿತು.

"ದಿಲನಾಜ ಉಳಿಸಿದ್ಲು ನೋಡ್ರಿ," ಎಂದರು ಸರ್.

"ಅಕ್ಕಾರ ಬ್ಯಾಗ್ ಇರಲಿಲ್ಲಂದ್ರ ನಂದೇನ್ ನಡೀತಿತ್ರಿ?"

ಆ ದೊಡ್ಡಗುಣ ಸುರೇಖಾಳನ್ನು ಇನ್ನಷ್ಟು ಉರಿಸಿತು. ಚಹಾದ ಹೊತ್ತಿಗೆ ತಡೆಯಲಾರದೆ ದಿಲನಾಜಳ ಮುಂದೆ ಬಾಯಿಬಿಟ್ಟಳು: "ಪ್ಲಗ್ ಕಿತ್ತಾಕಿ ನಾನ."

"ಗೊತ್ತೈತ್ರಿ. ಗ್ರೂಪಿನ್ಯಾಗ ಪೂಜಿ ಫೋಟೋ ಬಂದಿತ್ತಲ್ಲ, ಬಟ್ಟಲ ನಿಮ್ಮ ಕೈಯಾಗಿತ್ತು. ಮುಂಜಾನಿ ಬಂದು ನೋಡಿದ್ರ ಪ್ಲಗ್ಗಿನ ಮ್ಯಾಲೆ ಕುಂಕುಮದ ಬೆರಳು ಮೂಡಿದ್ವು. ಸರ್ ಬರೂದ್ರಾಗ ಒರಸಿ ತಿರುಗಿ ಹಾಕೇನಿ."

ಸುರೇಖಾ ಚಹಾ ಗುಟುಕರಿಸಿದಳು. ಒಳ್ಳೆಯವಳಾಗುವುದರಲ್ಲೂ ಇವಳದೇ ಮೊದಲ ನಂಬರು!