ಹೀಟರ್ ಟೆಸ್ಟಿಗೆ ಅಡುಗೆಮನೆ ಫ್ಯಾನ್

ಮೆಲ್ಬರ್ನಿನ ನಮ್ಮ ಮನೆಯ ಹಳೇ ಗ್ಯಾಸ್ ಹೀಟರ್ ಬದಲಿಸಬೇಕಿತ್ತು. ಮತ್ತೆ ಗ್ಯಾಸಿನದೋ, ಕರೆಂಟಿನದೋ ಅಂತ ನನಗೂ ಹೆಂಡತಿ ಸುಮಾಗೂ ವಾರದಿಂದ ಜಗಳ. ನೋಡಲು ಬಂದ ಪ್ಲಂಬರ್ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಹೀಟರ್ ಉರಿಸಿ, "ಈಗ ಅಡುಗೆಮನೆಯ ಹೊಗೆ ಎಳೆಯೋ ಫ್ಯಾನ್ ಹಾಕಿ" ಅಂದ. ಹಾಕಿದ ಸ್ವಲ್ಪ ಹೊತ್ತಿಗೇ ಅವನ ಕೈಲಿದ್ದ, ಗಾಳಿ ಪರೀಕ್ಷಿಸುವ ಮೀಟರ್ ಕಿರುಚಿಕೊಂಡಿತು.

"ಫ್ಯಾನ್ ಎಳೆಯೋ ರಭಸಕ್ಕೆ ಹೀಟರಿನ ವಿಷಗಾಳಿ ಹೊರಗೆ ಹೋಗದೆ ಮನೆಯೊಳಗೇ ಬರ್ತಿದೆ. ಯಾರಿಗಾದರೂ ತಲೆನೋವು ಬರುತ್ತಾ?"

ಮೂರು ಚಳಿಗಾಲದಿಂದ, "ನಿನ್ನ ಒಗ್ಗರಣೆ ಘಾಟಿಗೇ ನನಗೆ ತಲೆನೋವು, ಫ್ಯಾನ್ ಜೋರು ಮಾಡು" ಅಂತ ಸುಮಾ ಮೇಲೆ ರೇಗುತ್ತಿದ್ದವನು ನಾನು.

"ಕರೆಂಟಿನದೇ ಹಾಕಿಬಿಡಿ" ಅಂದೆ.

ಸುಮಾ ಕಿಟಕಿಗಳನ್ನೆಲ್ಲ ತೆರೆದು ಬಂದು ನನ್ನೆದುರು ನಿಂತಳು.

"ಫ್ಯಾನ್ ಇನ್ನೂ ಸ್ವಲ್ಪ ಜೋರು ಮಾಡ್ಲೇನ್ರೀ?"