ಬೇಡ ಎಂದು ಬರೆದ ಪತ್ರದ ಕಾಲ

ಬೆಳಕು ಹರಿಯುವ ಮೊದಲು ಅವಳು ನೀರು ತುಂಬಿಸಿ, ಹಾಲು ಕಾಯಿಸಿ, ಹಿಟ್ಟು ಕಲಸಿ, ತರಕಾರಿ ಹೆಚ್ಚಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಮಗಳ ಜಡೆ ಹೆಣೆದು, ಮಾವನ ಕಣ್ಣಿಗೆ ಎರಡೆರಡು ಹನಿ ಔಷಧಿ ಬಿಡುತ್ತಿದ್ದಳು. ಆ ಹನಿಗಳಿಂದ ಉರಿ ಕಡಿಮೆಯಾಗುತ್ತಿತ್ತೇ ಹೊರತು ಹೋದ ದೃಷ್ಟಿ ಮರಳುವಂತಿರಲಿಲ್ಲ.

ಮಾವ ಪಾದ್ರಿಗಳಾಗಲು ಓದುವವರಿಗೆ ಗ್ರೀಕ್ ಕಲಿಸಿ ನಿವೃತ್ತರಾದವರು. ಈಗ ಅವರಿಗೆ ಓದುವ ಕಣ್ಣು, ಬರೆಯುವ ಕೈ ಎರಡೂ ಸೊಸೆಯೇ. ಮೊದಮೊದಲು ಅರ್ಥವಾಗದೆ ಬರೀ ಅಕ್ಷರ ಕೂಡಿಸಿ ಓದುತ್ತಿದ್ದವಳು, ಒಲೆಯ ಮೇಲೊಂದು ಕಣ್ಣಿಟ್ಟುಕೊಂಡೇ ಒಂಬತ್ತು ವರ್ಷದಲ್ಲಿ ಆ ಭಾಷೆಯನ್ನು ಕಲಿತುಬಿಟ್ಟಿದ್ದಳು. ಮನೆಯಲ್ಲಿ ಯಾರೂ ಅದನ್ನು ಕಲಿಕೆ ಎಂದುಕೊಂಡಿರಲಿಲ್ಲ. "ನಿನಗೇನನ್ನಿಸುತ್ತೆ?" ಎಂದು ಮಾವ ಒಂದೇ ಒಂದು ಸಲ ಕೇಳಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ಈ ಸಲ ಅವರು ಬರೆಸುತ್ತಿದ್ದ ಲೇಖನ ಗ್ರೀಕಿನಲ್ಲಿದ್ದ ಹಳೆಯ ಕ್ರೈಸ್ತ ಪತ್ರವೊಂದರ ಕಾಲದ ಬಗ್ಗೆ. ಪತ್ರದಲ್ಲಿ ತಾರೀಖಿಲ್ಲ, ಅರಸನ ಹೆಸರಿಲ್ಲ. ಕ್ರೈಸ್ತರ ಸಭೆ ಇನ್ನೂ ಚರ್ಚುಗಳಿಲ್ಲದೆ ಮನೆಗಳಲ್ಲೇ ಸೇರುತ್ತಿದೆ. ಆದ್ದರಿಂದ ಯೇಸುವಿನ ಶಿಷ್ಯರು ಬದುಕಿದ್ದಾಗಲೇ ಬರೆದದ್ದು ಎಂಬುದು ಮಾವನ ವಾದ. ಅದೇ ಪತ್ರದಲ್ಲಿ, ಹೆಂಗಸರು ಸಭೆಯಲ್ಲಿ ಬೋಧಿಸಕೂಡದು ಎಂಬ ಸಾಲೂ ಇತ್ತು. ಅದನ್ನು ಓದುವಾಗ ಅವಳಿಗೆ ತಡೆಯಲಾಗಲಿಲ್ಲ.

"ಮಾವ, ಮಾಡದೇ ಇರೋ ಕೆಲಸನ ಯಾರಾದರೂ ಬೇಡ ಅಂತಾರಾ? ಬೆಕ್ಕಿಗೆ ಹಾಲು ಕುಡೀಬೇಡ ಅಂತೀವಿ, ಬಟ್ಟೆ ಒಗೀಬೇಡ ಅನ್ನಲ್ಲ."

ಮಾವ ನಕ್ಕರು. "ಅಂದ್ರೆ?"

"ಹೆಂಗಸರು ಬಹಳ ವರ್ಷ ಬೋಧಿಸಿರಬೇಕು. ಆ ಕೆಲಸಕ್ಕೆ ಮರ್ಯಾದೆ ಬಂದ ಮೇಲೆ ಗಂಡಸರು ಬಂದು ಕೂತಿದ್ದಾರೆ. ಮುಂದಿನ ಸಾಲಲ್ಲೇ 'ನಿಮ್ಮ ಅಜ್ಜಿಯರ ವಾಡಿಕೆ ಬಿಡಿ' ಅಂತಿದೆಯಲ್ಲ."

"ಅದು ವಿಗ್ರಹಪೂಜೆ ವಿಷಯ ಕಣಮ್ಮ."

"ವಿಗ್ರಹ ಎಲ್ಲಿದೆ ಮಾವ ಅಲ್ಲಿ? ಬೋಧನೆ ಮಾತೇ ನಡೀತಿದೆ. ಬೋಧಿಸಿದವರು ಅಜ್ಜಿಯರಾದ್ರೆ, ಪತ್ರ ನೀವು ಹೇಳಿದ್ದಕ್ಕಿಂತ ಎರಡು ತಲೆಮಾರು ಈಚಿನದು."

ಮಾವ ಅಡುಗೆಮನೆಯತ್ತ ಮುಖ ತಿರುಗಿಸಿದರು. "ಒಲೆ ಮೇಲೇನೋ ಸೀದ ವಾಸನೆ, ನೋಡು" ಎಂದರು.

ಮೂರು ದಿನ ಅವಳು ಪಾತ್ರೆ ತಿಕ್ಕುವಾಗಲೂ ನಲ್ಲಿ ಸಣ್ಣಗೆ ಬಿಟ್ಟುಕೊಂಡು, ಅವರ ಕೋಣೆಯತ್ತ ಕಿವಿಗೊಟ್ಟಿದ್ದಳು. ನಾಲ್ಕನೆಯ ದಿನ ಕರೆದರು.

"ಬರ್ಕೊಮ್ಮ. 'ಈ ಎರಡು ಸಾಲುಗಳನ್ನು ಕೂಡಿಸಿ ನೋಡಿದಾಗ ನನಗೆ ಹೊಳೆದದ್ದೇನೆಂದರೆ...'"

ಬೆಕ್ಕೊಂದನ್ನು ಬಿಟ್ಟು ಅವಳ ವಾದವೆಲ್ಲ ಅದರಲ್ಲಿತ್ತು. ಅವರ ದನಿಯಲ್ಲಿ ಕಳ್ಳತನವಿರಲಿಲ್ಲ. ಹೊತ್ತಿಗೆ ಸರಿಯಾಗಿ ಕೈಗೆ ಬರುವ ಬಿಸಿನೀರಿನಷ್ಟೇ ಸಹಜವಾಗಿ ಅದು ಅವರದಾಗಿತ್ತು.

ಒಂಬತ್ತು ವರ್ಷದಲ್ಲಿ ಒಂದಕ್ಷರವನ್ನೂ ಆಚೀಚೆ ಮಾಡಿದವಳಲ್ಲ. ಪೆನ್ನು ನಿಂತಿತು. 'ನನಗೆ' ಎಂಬುದರ ಮೇಲೆ ಗೀಟೆಳೆದು, 'ನನ್ನ ಸೊಸೆಗೆ' ಎಂದು ಬರೆದಳು.

"ಆಯ್ತಾ? ಎಲ್ಲಿ, ಓದು."

ಬರೆದದ್ದೊಂದು, ಓದುವುದೊಂದು ಮಾಡಬಹುದಿತ್ತು. ಅಚ್ಚಾಗಿ ಬಂದರೂ ಅವರಿಗೆ ಕಾಣುವಂತಿರಲಿಲ್ಲ. ಅವಳು ಕುರ್ಚಿಯನ್ನು ಅವರ ಹತ್ತಿರಕ್ಕೆಳೆದುಕೊಂಡು, ಬರೆದದ್ದನ್ನು ಬರೆದ ಹಾಗೆಯೇ ಓದತೊಡಗಿದಳು.