ಕೆನ್ನೆಗೆ ಹಿಡಿದ ಚಿತ್ರ

ಬಣ್ಣದ ಮೇಷ್ಟ್ರೆಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಫೋಟೋ ಸ್ಟುಡಿಯೋ ನಡೆಸಿಕೊಂಡು ಬಂದವರು. ಮನುಷ್ಯರ ಮೈಬಣ್ಣವನ್ನು ಇದ್ದುದು ಇದ್ದ ಹಾಗೆ ಕಾಗದಕ್ಕಿಳಿಸುವುದರಲ್ಲಿ ಅವರಿಗೆ ಸಮಾನರಿರಲಿಲ್ಲವಾದ್ದರಿಂದ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ಬೆಳ್ಳಗೆ ಮಾಡಿಕೊಡಿರೆಂದು ಬೇಡಿದವರಿಗೆ, "ದೇವರು ಹಚ್ಚಿದ ಬಣ್ಣ ತಿದ್ದೋಕೆ ನಾನ್ಯಾರಪ್ಪ? ಅಷ್ಟು ಬೇಕಾದ್ರೆ ಸುಣ್ಣ ಬಳಿಯೋರ ಹತ್ರ ಹೋಗು" ಎನ್ನುವರು. ಬೈಸಿಕೊಂಡವರೇ ಮರಳಿ ಬರುತ್ತಿದ್ದರು.

ಅವರದೊಂದು ಒರೆಗಲ್ಲಿತ್ತು. ಹೊಸ ಕಾಗದ ಬರಲಿ, ಹೊಸ ಮಸಿ ಬರಲಿ, ಮೊದಲು ಹೆಂಡತಿಯ ಚಿತ್ರವನ್ನು ಅಚ್ಚು ಹಾಕಿ, ಆಕೆಯನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಚಿತ್ರವನ್ನು ಆಕೆಯ ಕೆನ್ನೆಗೆ ತಾಗಿಸಿ ಹಿಡಿಯುವರು. ಕೆನ್ನೆ ಎಲ್ಲಿ ಮುಗಿಯಿತು, ಕಾಗದ ಎಲ್ಲಿ ತೊಡಗಿತು ಎಂಬುದು ಮರೆಯಾದಾಗ ಮಾತ್ರ ಕೆಲಸ ಮುಂದುವರಿಯುವುದು.

ಆ ಸೋಮವಾರ ಅವರ ಹಳೆಯ ಪ್ರಿಂಟರು ಒಮ್ಮೆ ನರಳಿ ನಿಂತುಹೋಯಿತು. ರಿಪೇರಿಯವನು ಮುಚ್ಚಳ ತೆಗೆದು ನೋಡಿ, ತೆಗೆದ ಮುಚ್ಚಳವನ್ನು ಹಾಗೆಯೇ ಮುಚ್ಚಿದ. "ಇದರ ಬಿಡಿಭಾಗ ಮಾಡೋದು ಬಿಟ್ಟೇ ನಾಲ್ಕು ವರ್ಷ ಆಯ್ತು, ಮೇಷ್ಟ್ರೇ. ಹೊಸದು ನೋಡ್ಕೊಳ್ಳಿ."

ಶಾಲೆಯೊಂದರ ಆರುನೂರು ಮಕ್ಕಳ ಭಾವಚಿತ್ರಗಳನ್ನು ಶನಿವಾರಕ್ಕೆ ಒಪ್ಪಿಸಬೇಕಾಗಿತ್ತು. ಪ್ರತಿಯೊಬ್ಬರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೋದ ಮೆಟ್ಟಿಲು ಹತ್ತುವವರು ವಿರಳರಾಗಿದ್ದರು. ವರ್ಷಕ್ಕೊಮ್ಮೆ ಬರುವ ಆ ಕೆಲಸವೇ ಅಂಗಡಿಯ ಉಸಿರಾಗಿತ್ತು. ಅದು ಕೈತಪ್ಪಿದರೆ ಬಾಗಿಲೆಳೆಯುವುದೊಂದೇ ಉಳಿದದ್ದು. ಕೂಡಿಟ್ಟದ್ದು ಒಂದು ಯಂತ್ರಕ್ಕೆ ಸಾಲುವಷ್ಟು. ಆರಿಸುವಲ್ಲಿ ಎಡವಿದರೆ ಎರಡನೆಯ ಸಲ ಆರಿಸುವ ಯೋಗವಿರಲಿಲ್ಲ.

ಮಂಗಳವಾರ ದಂಪತಿಗಳು ಯಂತ್ರಗಳ ಅಂಗಡಿಗೆ ಹೋದರು. ಅವರ ಅಳವಿಗೆ ದಕ್ಕುವಂಥವು ಎರಡಿದ್ದವು. ಒಂದು ಇಂಕ್‌ಜೆಟ್, ಮಸಿಯನ್ನು ಕಣಕಣವಾಗಿ ಚಿಮುಕಿಸುವಂಥದು. ನಿಧಾನದ್ದು, ಆದರೆ ಪ್ರತಿಯೊಂದು ಬಣ್ಣವನ್ನೂ ಏರಿಸಿ ಇಳಿಸುವ ಅಧಿಕಾರ ಕೆಲಸಗಾರನದೇ. ಇನ್ನೊಂದು ರಿಬ್ಬನ್ನಿನ ಬಣ್ಣವನ್ನು ಬಿಸಿಯಿಂದ ಕಾಗದಕ್ಕಿಳಿಸುವಂಥದು. ಇಪ್ಪತ್ತು ಎಣಿಸುವಷ್ಟರಲ್ಲಿ ಚಿತ್ರ ಕೈಗೆ ಬೀಳುತ್ತಿತ್ತು, ಆದರೆ ಅದರ ಬಣ್ಣ ಕಾರ್ಖಾನೆಯಲ್ಲೇ ನಿಗದಿಯಾದದ್ದು. ಗುಂಡಿ ಒತ್ತುವುದಷ್ಟೇ ಮನುಷ್ಯನ ಪಾಲು.

ಮೇಷ್ಟ್ರು ಹೆಂಡತಿಯನ್ನು ಬಾಗಿಲ ಬಳಿ ನಿಲ್ಲಿಸಿ ರಿಬ್ಬನ್ನಿನ ಯಂತ್ರ ಅಚ್ಚು ಹಾಕಿದ ಆಕೆಯ ಚಿತ್ರವನ್ನು ಕೆನ್ನೆಗೆ ಹಿಡಿದರು. "ಹಳದಿ. ಕಾಮಾಲೆ ಬಂದ ಹಾಗಿದೆ."

ಮಾರಾಟಗಾರ ಚಿತ್ರವನ್ನೂ ಮೇಷ್ಟ್ರ ಹೆಂಡತಿಯನ್ನೂ ನೋಡಿದ. "ಸರಿಯಾಗೇ ಇದೆಯಲ್ಲ, ಯಜಮಾನ್ರೇ?"

"ನೀನು ಮಾರೋದು ಮೆಷಿನ್ನು ಕಣಪ್ಪ. ನಾನು ಮಾರೋದು ಮುಖ."

ಆಮೇಲೆ ಇಂಕ್‌ಜೆಟ್ಟಿನ ಮುಂದೆ ಕುಳಿತು ಹಳದಿ ಇಳಿಸಿದರು, ಅಚ್ಚು ಹಾಕಿದರು, ಇನ್ನೂ ಇಳಿಸಿದರು. ಐದನೆಯ ಚಿತ್ರವನ್ನು ಕೆನ್ನೆಗೆ ಹಿಡಿದಾಗ ಅವರ ಮುಖ ಅರಳಿತು. "ಇದು ನೀನು."

ಆಕೆ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮಾರಾಟಗಾರ ಏನೋ ಹೇಳಹೊರಟವನು ಆಕೆಯ ಕಣ್ಸನ್ನೆಗೆ ಸುಮ್ಮನಾದ. "ನಾಳೆ ಬಂದು ಹೇಳ್ತೀವಿ" ಎಂದಳು ಆಕೆ.

ಸ್ಟುಡಿಯೋದ ಪಕ್ಕದಲ್ಲಿ ಜೆರಾಕ್ಸ್ ಅಂಗಡಿಯಿಟ್ಟಿದ್ದವನು ಆಕೆಯ ತಮ್ಮ. ಬಾಯಿ ಸ್ವಲ್ಪ ಉದ್ದ. ಮೇಷ್ಟ್ರು ಕಾಲಿಡುತ್ತಲೇ ಕೂಗಿದ. "ಏನ್ ಭಾವ, ಸಿಕ್ತಾ? ನಮ್ಮಕ್ಕನ್ನ ಒಪ್ಪೋವಾಗ್ಲೂ ನೀವು ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ."

"ಅದಕ್ಕೇ ಈಗ ಅನುಭವಿಸ್ತಿದೀನಿ" ಎಂದು ನಗುತ್ತ ಮೇಷ್ಟ್ರು ಐದನೆಯ ಚಿತ್ರವನ್ನು ಅವನ ಕೈಗಿಟ್ಟರು.

ಅವನು ನೋಡಿದ; ನಕ್ಕ. "ಇದೇನಕ್ಕ, ಬಾವಿಯಿಂದ ಎತ್ತಿದ ಹಾಗಿದೀಯ? ಪೂರ್ತಿ ನೀಲಿ."

ಮೇಷ್ಟ್ರು ನಗಲಿಲ್ಲ. ಚಿತ್ರವನ್ನು ಕಸಿದುಕೊಂಡು ಬೀದಿಯ ಬಿಸಿಲಿಗೆ ಹಿಡಿದರು. ಹೆಂಡತಿಯ ಕಡೆ ತಿರುಗಿದರು. ಆಕೆ ನೆಲ ನೋಡುತ್ತಿದ್ದಳು.

"ನೀಲಿ ಇದೆಯೇನೇ?"

"ಒಳಗೆ ಬನ್ನಿ."

"ಇಲ್ಲೇ ಹೇಳು."

"ಇದೆ."

ಒಳಗೆ, ಸತ್ತ ಯಂತ್ರದ ಪಕ್ಕದಲ್ಲಿ ಕುಳಿತು ಆಕೆ ಉಳಿದುದನ್ನೂ ಹೇಳಿದಳು. ಅಚ್ಚಾದ ಚಿತ್ರಗಳನ್ನು ಕತ್ತರಿಸಿ ಲಕೋಟೆಗೆ ಹಾಕುವುದು ಮೊದಲಿನಿಂದಲೂ ಆಕೆಯ ಕೆಲಸ. "ಎರಡು ವರ್ಷದಿಂದ ಹೀಗೇರೀ. ನೀವು ಬಣ್ಣ ಗೊತ್ತು ಮಾಡಿ ಕ್ಯಾಮೆರಾ ತಗೊಂಡು ಹೊರಟ ಮೇಲೆ ನಾನು ಹಳದಿ ಗುಂಡಿ ಎರಡು ಸಲ ಒತ್ತಿ ಏರಿಸಿ ಮತ್ತೆ ಅಚ್ಚು ಹಾಕ್ತಿದ್ದೆ. ಈಚೆಗೆ ಮೂರು."

"ನಾನು ವಾಪಸ್ ಬಂದು ನೋಡ್ತಿದ್ದೆನಲ್ಲ."

"ನೋಡ್ತಿದ್ರಿ. ಚೆನ್ನಾಗಿದೆ ಅಂತಿದ್ರಿ."

ಮೇಷ್ಟ್ರು ಗೋಡೆಯ ಮೇಲಿನ ಮುಖಗಳತ್ತ ನೋಡಿದರು. ಈ ಎರಡು ವರ್ಷ ಜನ ಕೈಮುಗಿದು ಹೊಗಳಿದ್ದು ಯಾರ ಕಣ್ಣನ್ನು? ತಾನು ತಲೆಬಾಗಿ ಸ್ವೀಕರಿಸಿದ್ದು ಯಾರ ಕೀರ್ತಿಯನ್ನು? ದೇವರು ಹಚ್ಚಿದ ಬಣ್ಣಕ್ಕೆ ಕಾವಲುಗಾರನೆಂದು ಬೀಗಿದವನ ಕಣ್ಣಿಂದಲೇ ಆ ದೇವರು ಬಣ್ಣವನ್ನು ಹಿಂದೆಗೆದುಕೊಂಡಿದ್ದ. ಗೊತ್ತಾಗದಂತೆ, ಹಗಲನ್ನು ಸಂಜೆ ಒಯ್ಯುವಷ್ಟು ಮೆಲ್ಲಗೆ.

ಬುಧವಾರ ಕಣ್ಣಿನ ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು. "ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?"

"ಹನ್ನೊಂದು."

"ಕಣ್ಣಿನ ಹಿಂದಿನ ಪದರ ಸೊರಗಿದೆ. ಇನ್ನೂ ಕೆಡದ ಹಾಗೆ ನೋಡ್ಕೋಬಹುದು. ಹೋದ ಬಣ್ಣ ಬರುತ್ತೆ ಅಂತ ನಾನು ಹೇಳೋಕಾಗಲ್ಲ."

ಆ ದಿನ ಮೇಷ್ಟ್ರು ಊಟ ಮುಟ್ಟಲಿಲ್ಲ. ಸ್ಟುಡಿಯೋದ ಗೋಡೆಯ ಮೇಲಿನ ಮುಖಗಳನ್ನು ಒಂದೊಂದಾಗಿ ಇಳಿಸಿ ಹಿಂದುಮುಂದಾಗಿ ಒರಗಿಸಿಟ್ಟರು. ಮೈದುನ ಬಾಗಿಲಲ್ಲಿ ನಿಂತು, "ಭಾವ, ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ" ಎಂದ.

"ಬಾಯಿಗಲ್ಲಪ್ಪ. ನಿನ್ನ ಕಣ್ಣಿಗೆ ಬಂದದ್ದು ಅಂದೆ. ನಿನಗಾದ್ರೂ ಬಂತಲ್ಲ."

ಗುರುವಾರ ಬೆಳಿಗ್ಗೆ ಹೆಂಡತಿ ಸೆರಗು ಕಟ್ಟಿ ಎದುರು ನಿಂತಳು. "ಇನ್ನು ಎರಡೇ ದಿನ ಇರೋದು. ಏಳಿ."

"ಹೋಗಿ ಏನು ಮಾಡ್ಲಿ? ಕುರುಡ ಕನ್ನಡಿ ಕೊಳ್ಳೋಕೆ ಹೋದ ಹಾಗೆ."

"ಕನ್ನಡಿ ನಾನು ನೋಡ್ತೀನಿ. ನೀವು ನಿಂತ್ಕೊಳ್ಳಿ ಸಾಕು."

ಅಂಗಡಿಯಲ್ಲಿ ಆಕೆ ಮೇಷ್ಟ್ರ ಮುಖದ ಚಿತ್ರವನ್ನೇ ತೆಗೆಸಿ, ಎರಡು ಯಂತ್ರಗಳಲ್ಲೂ ಅಚ್ಚು ಹಾಕಿಸಿದಳು. ಇಪ್ಪತ್ತಾರು ವರ್ಷ ತಾನು ನಿಂತಂತೆ ಗಂಡನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಕೆನ್ನೆಗೆ ಚಿತ್ರ ಹಿಡಿದಳು. ಕಾಗದದ ಅಂಚು ತಣ್ಣಗೆ ತಾಗಿತು.

"ಮಸಿ ಮೆಷಿನ್ನಲ್ಲಿ ಕೈ ಪಳಗೋಕೆ ನನಗೆ ತಿಂಗಳು ಬೇಕು" ಎಂದಳು. "ಆರುನೂರು ಶನಿವಾರಕ್ಕೆ ಮುಗಿಯಲ್ಲ. ರಿಬ್ಬನ್ನಿಂದೇ ಆಗ್ಬೇಕು."

"ಬಣ್ಣ?"

"ಸರಿಯಿದೆ."

ಎರಡು ವರ್ಷ ಪ್ರತಿ ಲಕೋಟೆಗೂ ಆಕೆ ಹೇಳಿದ್ದು ಇದೇ ದನಿಯಲ್ಲಿ, ಇದೇ ಮಾತು. ಇದು ನಿಜವೋ, ಮತ್ತೊಂದು ಕರುಣೆಯೋ? ತೂಗಿ ನೋಡಲು ಮೇಷ್ಟ್ರ ಬಳಿ ತಕ್ಕಡಿಯಿರಲಿಲ್ಲ. ಅವರು ಆಕೆಯ ಮಣಿಕಟ್ಟನ್ನು ಹಿಡಿದುಕೊಂಡರು.

"ಸರಿ ಅನ್ನಬೇಡ ಕಣೇ. ಏನು ತಪ್ಪಿದೆ, ಅದೊಂದು ಹೇಳು. ಅದನ್ನ ನಂಬ್ತೀನಿ."

ಆಕೆ ಚಿತ್ರವನ್ನು ಮತ್ತೆ ಕೆನ್ನೆಗೆ ಹಿಡಿದಳು. ಈ ಸಲ ಬಹಳ ಹೊತ್ತಾಯಿತು.

"ನಿಮ್ಮ ಕಣ್ಣ ಕೆಳಗೆ ಕಪ್ಪಾಗಿದೆ. ಇದರಲ್ಲಿ ಆ ಕಪ್ಪು ಬಂದಿಲ್ಲ. ಎಲ್ಲಾ ಒಂದೇ ಸಮ ನುಣ್ಣಗೆ ಮಾಡಿಬಿಡುತ್ತೆ."

ಮೇಷ್ಟ್ರು ಮಣಿಕಟ್ಟು ಬಿಟ್ಟರು. "ಮಕ್ಕಳ ಕಣ್ಣ ಕೆಳಗೆ ಕಪ್ಪಿರಲ್ಲ" ಎಂದರು, ಮಾರಾಟಗಾರನ ಕಡೆ ತಿರುಗಿ. "ಇದನ್ನೇ ಕಟ್ಟಿಬಿಡಪ್ಪ."

ಅಂದು ಮಧ್ಯಾಹ್ನವೇ ಹೊಸ ಯಂತ್ರ ಹಳೆಯದರ ಜಾಗದಲ್ಲಿ ಕುಳಿತಿತು. ಮೇಷ್ಟ್ರು ತಮ್ಮ ಸ್ಟೂಲನ್ನು ಹೆಂಡತಿಯ ಕಡೆ ನೂಕಿ, ತಾವು ಪರದೆಯ ಹಿಂದಿನ ಕತ್ತರಿಸುವ ಹಲಗೆಯ ಮುಂದೆ ನಿಂತರು. ಮಕ್ಕಳ ಮುಖಗಳು ಒಂದರ ಹಿಂದೊಂದು ಬಿಸಿಬಿಸಿಯಾಗಿ ಅವರ ಕೈಗೆ ಬರತೊಡಗಿದವು. ಅವು ಯಾವ ಬಣ್ಣದವೆಂದು ಅವರು ಕೇಳಲಿಲ್ಲ. ಅಲಗನ್ನೆತ್ತಿ ನೇರವಾಗಿ ಇಳಿಸಿದರು. ಅಂಚು ಅವರಿಗೆ ಇನ್ನೂ ಕಾಣುತ್ತಿತ್ತು.